ಚಿಕ್ಕರಂಗಯ್ಯ ಹಾಕಿದ ಸೈನು

ಹುಣಸೆಕಟ್ಟೆಗೆ ಹೋಗಿ ಚಿಕ್ಕರಂಗಯ್ಯನ ಮನೆ ಯಾವುದು ಅಂತ ಕೇಳಿ ನೋಡಿ, ಒಬ್ಬರೂ ಹೇಳಲ್ಲ. ಮೆಂಬರ್ ಮನೆ ಯಾವುದು ಅನ್ನಿ, ಕುಣಿಗಲ್ ಬಸ್ಸಿನ ಕಂಡಕ್ಟರೇ ಇಳಿಸಿ ಕೈ ತೋರಿಸುತ್ತಾನೆ. ಟೀ ಅಂಗಡಿಯಲ್ಲಿ ಮೆಂಬರ್ರು, ಹಾಲಿನ ಡೇರಿಯಲ್ಲಿ ಮೆಂಬರ್ರು, ಕೊತ್ತಗೆರೆಯ ಕಟಿಂಗ್ ಶಾಪಿನಲ್ಲೂ "ಮೆಂಬರ್ರೆ, ಕೆನ್ನೆ ಈ ಕಡೆ ತಿರುಗ್ಸಿ." ಆದರೆ ಪಂಚಾಯ್ತಿ ಆಫೀಸಿನ ಗೋಡೆಯ ಮೇಲೆ ಮೆಂಬರುಗಳ ಹೆಸರು ಬರೆದ ಬೋರ್ಡಿದೆಯಲ್ಲ, ಅದನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದರೂ ಅವನ ಹೆಸರು ಸಿಗಲ್ಲ. ಆರನೇ ನಂಬರಿನಲ್ಲಿ ಶ್ರೀಮತಿ ಚಿಕ್ಕಗಂಗಮ್ಮ ಅಂತಿದೆ. ಆಯಮ್ಮ ಇವನ ಹೆಂಡತಿ.

ಆದದ್ದು ಇಷ್ಟೇ. ಸೀಟು ಹೆಂಗಸರಿಗೆ ಮೀಸಲಾಯಿತು. ಚಿಕ್ಕರಂಗಯ್ಯ ಹೆಂಡತಿಯನ್ನು ನಿಲ್ಲಿಸಿ ಹನ್ನೊಂದು ವೋಟಿನಲ್ಲಿ ಗೆದ್ದ. ಹೌದು ಕಣ್ರೀ, ಅವನೇ ಗೆದ್ದ. ಎಣಿಕೆ ಮುಗಿದು ಆಯಮ್ಮನ ಕೊರಳಿಗೆ ಬಿದ್ದ ಸೇವಂತಿಗೆ ಹಾರವನ್ನು ತೆಗೆದು ತನ್ನ ಕೊರಳಿಗೆ ಹಾಕಿಕೊಂಡು, "ನೀನು ಒಲೆ ಮುಂದೆ ಹೋಗೋಳು, ಬಾಡೋಯ್ತದೆ" ಅಂದ. ಎಷ್ಟು ದೊಡ್ಡ ಮನಸ್ಸು ನೋಡಿ.

ಅವನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ಹದಿನೈದು ಮೆಂಬರುಗಳ ಆ ಪಂಚಾಯ್ತಿಯಲ್ಲಿ ಎಂಟು ಜನ ಹೆಂಗಸರು. ಎಂಟೂ ಜನರ ಕುರ್ಚಿಯಲ್ಲಿ ಕೂರುತ್ತಿದ್ದವರು ಎಂಟು ಜನ ಗಂಡಂದಿರು. ಮೀಟಿಂಗ್ ಅಂದರೆ ಬಿಸಿ ಬೋಂಡ, ಟೀ, ಆಮೇಲೆ ಕೈಯಿಂದ ಕೈಗೆ ಬರುವ ನಡಾವಳಿ ಪುಸ್ತಕ. ಏನು ತೀರ್ಮಾನವಾಯಿತು ಅಂತ ಅದರಲ್ಲಿ ಬರೆದಿರುತ್ತಿತ್ತು. ಕೆಳಗೆ ಗಂಡಂದಿರು ಹೆಂಡತಿಯರ ಸೈನು ಹಾಕುತ್ತಿದ್ದರು. ಎಸ್ಸೆಲ್ಸಿ ಪಾಸಾದ ಚಿಕ್ಕಗಂಗಮ್ಮನ ದುಂಡನೆ ಅಕ್ಷರ ಏಳನೇ ಕ್ಲಾಸಿನ ಚಿಕ್ಕರಂಗಯ್ಯನಿಗೆ ಮೊದಮೊದಲು ಬಗ್ಗಲಿಲ್ಲ. ಎರಡೂವರೆ ವರ್ಷದಲ್ಲಿ ಕೈ ಪಳಗಿತು. ಬೋಂಡದ ಎಣ್ಣೆಯ ಜೊತೆಗೇ ಸೈನು ಜಾರಿಕೊಂಡು ಬರುತ್ತಿತ್ತು. ಮೇಲೆ ಏನು ಬರೆದಿದೆ ಅಂತ ಓದುವ ಕೆಟ್ಟ ಚಾಳಿ ಮಾತ್ರ ಅವನಿಗೆ ಇರಲಿಲ್ಲ.

ಎರಡೂವರೆ ವರ್ಷ ಕಳೆದ ಮೇಲೆ ಅಧ್ಯಕ್ಷರನ್ನು ಹೊಸದಾಗಿ ಆರಿಸಬೇಕು, ಕಾನೂನು. ಈ ಸಲ ಅಧ್ಯಕ್ಷಗಿರಿಯೂ ಹೆಂಗಸರಿಗೇ ಬಂತು. ಕೂಡಲೇ ಊರಿನಲ್ಲಿ ಇಬ್ಬರು ಗಂಡಸರು ಅಧ್ಯಕ್ಷರಾಗಲು ಹೊರಟರು. ಒಬ್ಬ ಕಂಟ್ರಾಕ್ಟರ್ ಭಾನುಪ್ರಕಾಶ್, ಅವನ ಹೆಂಡತಿ ಸುಧಾ ಮೆಂಬರು. ಇನ್ನೊಬ್ಬ ರೈಸ್ ಮಿಲ್ ಗಂಗಣ್ಣ, ಅವನ ಹೆಂಡತಿಯೂ ಮೆಂಬರು. ಗ್ರಾಮ ಪಂಚಾಯ್ತಿಗೆ ಪಕ್ಷ ಇಲ್ಲ, ಚಿಹ್ನೆ ಇಲ್ಲ, ಎಲ್ಲ ಊರಿನ ಒಳ್ಳೆಯದಕ್ಕೆ ಅಂತ ಪುಸ್ತಕದಲ್ಲಿದೆ. ಹಾಗಾಗಿ ನಮ್ಮ ಕಡೆ ಪ್ರತಿಯೊಬ್ಬ ಮೆಂಬರ್ ಮನೆಯ ಗೂಟದಲ್ಲೂ ಮೂರು ಪಕ್ಷದ ಮೂರು ಶಾಲು ನೇತಾಡುತ್ತಿರುತ್ತವೆ. ಯಾರು ಬಂದರೆ ಯಾವುದು, ಅದು ಹೆಂಗಸರಿಗೂ ಗೊತ್ತು.

ಭಾನುಪ್ರಕಾಶ್ ಒಂದು ಸಂಜೆ ಬಂದು ಜಗುಲಿ ಮೇಲೆ ಕೂತ. ಅವನು ಆ ತಿಂಗಳು ಯಾವ ಪಕ್ಷದಲ್ಲಿದ್ದಾನೆ ಅಂತ ನೆನಪಾಗದೆ ಚಿಕ್ಕರಂಗಯ್ಯ ಮೂರು ಶಾಲನ್ನೂ ಹೆಗಲಿಗೆ ಹಾಕಿಕೊಂಡು ಬಂದ.

"ಮೆಂಬರ್ರೆ, ನಾಕು ದಿನ ರೆಸಾರ್ಟಿಗೆ ಹೋಗಿಬರಾಣ. ಗುಬ್ಬಿ ಕಡೆ. ನಮ್ಕಡೆ ಎಂಟು ತಲೆ ಆಯ್ತು. ಗಂಗಣ್ಣ ಕಿತ್ಕೊಂಡ್ ಹೋಗ್ದಂಗೆ ಒಂದ್ಕಡೆ ಇಟ್ಕೋಬೇಕು."

ರೆಸಾರ್ಟು ಅಂದದ್ದೇ ಚಿಕ್ಕರಂಗಯ್ಯ ಹತ್ತಿರಕ್ಕೆ ಜರುಗಿ ಕೂತ. ಅವನಿಗೆ ದುಡ್ಡಿನ ಆಸೆ ಇರಲಿಲ್ಲ, ಕುಡಿತ ಇರಲಿಲ್ಲ. ಇದ್ದದ್ದು ಒಂದೇ ಚಪಲ. ಟಿವಿಯಲ್ಲಿ ಎಮ್ಮೆಲ್ಲೆಗಳನ್ನು ಪರದೆ ಎಳೆದ ಬಸ್ಸಿನಲ್ಲಿ ರೆಸಾರ್ಟಿಗೆ ಕರೆದುಕೊಂಡು ಹೋಗುತ್ತಾರಲ್ಲ, ಗೇಟು ಹಾಕಿಕೊಂಡ ಮೇಲೆ ಒಳಗೆ ಏನು ನಡೆಯುತ್ತದೆ? ಟಿವಿಯವರು ಗೇಟಿನ ತನಕ ತೋರಿಸಿ ನಿಲ್ಲಿಸಿಬಿಡುತ್ತಾರೆ. ಪರದೆ ಯಾಕೆ? ಬಟ್ಟೆ ಒಗೆಯೋರು ಯಾರು? ಬೆಳಗ್ಗೆ ಮುದ್ದೆ ಕೊಡ್ತಾರೋ, ಬರೀ ಬ್ರೆಡ್ಡೋ? ಇದನ್ನು ಅವನು ಕೇಳದ ಮನುಷ್ಯ ಉಳಿದಿರಲಿಲ್ಲ. ಹಸುವಿಗೆ ಸೂಜಿ ಹಾಕಲು ಬಂದ ಡಾಕ್ಟರನ್ನೂ ಕೇಳಿದ್ದ.

"ಹೆಂಗಸ್ರು?" ಅಂದ.

"ಥೂ ಥೂ! ಹೆಂಗಸ್ರನ್ನ ಅಲ್ಲೆಲ್ಲ ಕರ್ಕೊಂಡ್ ಹೋಗಕಾಯ್ತದಾ? ಮರ್ಯಾದೆ ಪ್ರಶ್ನೆ. ಗಂಡ ನನ್ ಕೈಲಿದ್ರೆ ಹೆಂಡ್ತಿ ವೋಟು ನನ್ ಕೈಲಿ. ವೋಟಿನ ದಿನ ಬೆಳಗ್ಗೆ ಬಂದು, ನೀವು ಕಣ್ಸನ್ನೆ ಮಾಡಿದ್ರೆ ಮುಗೀತು."

ಒಳಗೆ ರಾಗಿ ಕೇರುತ್ತಿದ್ದ ಚಿಕ್ಕಗಂಗಮ್ಮನಿಗೆ ಎಲ್ಲ ಕೇಳಿಸಿತ್ತು. ಭಾನುಪ್ರಕಾಶ್ ಹೋದ ಮೇಲೆ ಮೊರ ಕೆಳಗಿಟ್ಟಳು.

"ವೋಟು ನಂದು, ರೆಸಾರ್ಟು ನಿಂದಾ?"

"ಅಲ್ಲಿ ಈಜುಕೊಳ ಐತಂತೆ ಕಣೇ. ನೀನ್ ಬಂದು ಏನ್ ಮಾಡ್ತೀಯ?"

"ನಿಂಗ್ ಈಜು ಬರ್ತದಾ?"

"ನೋಡ್ಕೊಂಡಾದ್ರೂ ಬರ್ತೀನಲ್ಲ."

"ಹೋಗಪ್ಪ, ಹೋಗು," ಅಂದಳು ಆಯಮ್ಮ. "ನಾಕು ದಿನ ನನ್ ತಲೆ ತಣ್ಣಗಿರ್ತದೆ."

ಸೋಮವಾರ ಬೆಳಗ್ಗೆ ಎಂಟು ತಲೆಗಳು ಟಿಟಿ ವ್ಯಾನು ಹತ್ತಿದವು. ನಾಲ್ವರು ನಿಜವಾದ ಗಂಡಸು ಮೆಂಬರುಗಳು, ನಾಲ್ವರು ಗಂಡಂದಿರು. ನಾಲ್ವರು ಗಂಡಂದಿರಲ್ಲಿ ಭಾನುಪ್ರಕಾಶನೂ ಒಬ್ಬ ಅನ್ನುವುದು ಭಾನುಪ್ರಕಾಶನಿಗೇ ಹೊಳೆದಿರಲಿಲ್ಲ. ಅದೇ ಹೊತ್ತಿಗೆ ಗಂಗಣ್ಣನ ಗುಂಪು, ಮೂವರು ಮೆಂಬರು ಮತ್ತು ನಾಲ್ವರು ಗಂಡಂದಿರು, ಹುಲಿಯೂರುದುರ್ಗದ ಬೆಟ್ಟದ ಕಡೆಯ ಒಂದು ಹೋಮ್ ಸ್ಟೇಗೆ ಹೊರಟಿತು. ಎರಡು ವ್ಯಾನೂ ಊರ ಬಾಗಿಲಲ್ಲಿ ಎದುರು ಬದುರಾದಾಗ ಎರಡರಲ್ಲೂ ಸರಕ್ಕನೆ ಪರದೆ ಎಳೆದರು. ಪರದೆ ಯಾಕೆ ಅನ್ನುವ ಪ್ರಶ್ನೆಗೆ ಚಿಕ್ಕರಂಗಯ್ಯನಿಗೆ ಅರ್ಧ ಉತ್ತರ ಸಿಕ್ಕಿತು. ಎಳೆದ ಮೇಲೆ ಒಳಗೆ ಒಳ್ಳೇ ಸೆಖೆ ಅನ್ನುವುದು ಉಳಿದರ್ಧ.

ತುಮಕೂರಿನ ಬಟವಾಡಿಯಲ್ಲಿ ವ್ಯಾನು ನಿಂತಿತು. ಎಮ್ಮೆಲ್ಲೆಗಳು ರೆಸಾರ್ಟಿನಲ್ಲಿ ಬರ್ಮುಡ ಚಡ್ಡಿ ಹಾಕಿಕೊಂಡಿದ್ದು ಟಿವಿಯಲ್ಲಿ ಕಂಡಿದೆ, ನಮಗೂ ಬೇಕು ಅಂತ ಎದುರು ಮನೆಯ ಯಲ್ಲಯ್ಯ ಹಟ ಹಿಡಿದಿದ್ದ. ಇವನದೂ ಹೆಂಡತಿಯ ಮೆಂಬರಿಕೆಯೇ. ಎಂಟು ಜನ ಅಂಗಡಿಗೆ ನುಗ್ಗಿದರು.

"ಯಾವ ಪಾರ್ಟಿಯೋರು ಸಾರ್?" ಅಂದ ಅಂಗಡಿಯವನು ಸಂಭ್ರಮದಿಂದ.

"ನಾವು ಪಕ್ಷಾತೀತ," ಅಂದ ಭಾನುಪ್ರಕಾಶ್.

"ಹಂಗಾದ್ರೆ ಹೂವಿನ ಡಿಸೈನ್ ತಗೊಳ್ಳಿ ಸಾರ್. ಅದು ಎಲ್ಲಾರ್ಗೂ ಒಪ್ತದೆ."

ಗುಬ್ಬಿ ದಾಟಿ ಆರು ಮೈಲಿ ಒಳಗೆ ತೆಂಗಿನ ತೋಟದ ನಡುವೆ ಆ ರೆಸಾರ್ಟು. ಅರ್ಧ ಕಟ್ಟಿ ಬಿಟ್ಟ ಕಲ್ಯಾಣ ಮಂಟಪಕ್ಕೆ ಬಣ್ಣ ಹೊಡೆದು ರೆಸಾರ್ಟು ಅಂತ ಬೋರ್ಡು ಹಾಕಿದ್ದರು. ಈಜುಕೊಳ ಇತ್ತು, ನೀರಿರಲಿಲ್ಲ. ಕೊಬ್ಬರಿ ಒಣಗಲು ಹಾಕಿದ್ದರು. ಚಿಕ್ಕರಂಗಯ್ಯ ಹೂವಿನ ಬರ್ಮುಡ ತೊಟ್ಟು ಅದರ ದಂಡೆಯಲ್ಲಿ ಕೂತು, ಕಾಲು ಇಳಿಬಿಟ್ಟು, ಅರ್ಧ ಗಂಟೆ ಕೊಬ್ಬರಿ ನೋಡಿದ. ಕೊಬ್ಬರಿ ಅವನ ಮನೆಯ ಅಟ್ಟದಲ್ಲೂ ಇತ್ತು.

ಆದರೂ ಅವನಿಗೆ ಬೇಜಾರಾಗಲಿಲ್ಲ. ಬಾಗಿಲು ತೆರೆದು ನೋಡಿದ, ಗೀಸರ್ ತಿರುಗಿಸಿ ನೋಡಿದ, ಅಡುಗೆ ಮನೆಗೆ ಹೋಗಿ ಅಡುಗೆಯ ಕೊಲ್ಲಾಪುರಮ್ಮನನ್ನು "ಎಮ್ಮೆಲ್ಲೆಗಳು ಬಂದಿದ್ರಾ? ಎಷ್ಟು ಮುದ್ದೆ ತಿಂತಾರೆ?" ಅಂತ ವಿಚಾರಿಸಿದ. ಆಯಮ್ಮ, "ಎಮ್ಮೆಲ್ಲೆಗಳು ಬಂದಿಲ್ಲ ಸ್ವಾಮಿ, ಹೋದ ತಿಂಗಳು ಹಾಲಿನ ಸಂಘದ ಡೈರೆಕ್ಟರುಗಳು ಬಂದಿದ್ರು. ತಟ್ಟೆ ಸಮೇತ ತಿಂದ್ಕೊಂಡೋದ್ರು. ಆರು ಸ್ಟೀಲ್ ತಟ್ಟೆ ಕಮ್ಮಿ," ಅಂದಳು.

ಮೊದಲ ದಿನವೇ ಭಾನುಪ್ರಕಾಶ್ ಎಲ್ಲರ ಫೋನು ಕಿತ್ತು ಒಂದು ಡಬ್ಬದಲ್ಲಿ ಹಾಕಿ ಬೀಗ ಜಡಿದ. ಆಮೇಲೆ ಕರ್ಪೂರ ಹಚ್ಚಿ ಆಣೆ ಮಾಡಿಸಿದ. ಆಮೇಲೆ ಕಾವಲುಗಾರ ಅಂಜನಮೂರ್ತಿಯನ್ನು ಕರೆದ. ಅಂಜನಮೂರ್ತಿ ಮಿಲಿಟರಿಯಲ್ಲಿ ಇಪ್ಪತ್ತು ವರ್ಷ ಇದ್ದವನು. ಮೀಸೆ ಕೂಡ ಅಟೆನ್ಷನ್ನಲ್ಲಿ ನಿಂತಿತ್ತು.

"ಗುರುವಾರ ವೋಟು. ಅವತ್ತು ಬೆಳಗ್ಗೆ ಒಂಬತ್ತರ ತನಕ ಈ ಗೇಟು ತೆಗೀಕೂಡದು. ಯಾರ್ ಬಂದ್ರೂ ತೆಗೀಬೇಡ. ಗಂಗಣ್ಣನ ಕಡೆಯೋರು ಬಹಳ ಕಿಲಾಡಿಗಳು. ನನ್ ಹೆಸರು ಹೇಳ್ತಾರೆ, ನನ್ ದನೀಲಿ ಮಾತಾಡ್ತಾರೆ. ನಾನೇ ಬಂದು ಕಾಲು ಹಿಡ್ಕೊಂಡ್ರೂ ತೆಗೀಬೇಡ."

"ಆರ್ಡರ್ ಸಾರ್!" ಅಂದ ಅಂಜನಮೂರ್ತಿ.

ಎರಡನೇ ದಿನ ಮಧ್ಯಾಹ್ನ ಚಿಕ್ಕರಂಗಯ್ಯನಿಗೆ ಕೈ ಕೆರೆಯತೊಡಗಿತು. ಕಂಡದ್ದನ್ನೆಲ್ಲ ಯಾರಿಗಾದರೂ ಹೇಳದಿದ್ದರೆ ರೆಸಾರ್ಟಿಗೆ ಬಂದು ಏನು ಬಂತು? ಕೊಲ್ಲಾಪುರಮ್ಮನ ಫೋನು ಇಸಿದುಕೊಂಡು ಮನೆಗೆ ಹಚ್ಚಿದ.

"ಏನೇ, ಇಲ್ಲಿ ಗೀಸರ್ ಐತೆ ಕಣೇ! ಹಿಂಗ್ ತಿರುಗ್ಸಿದ್ರೆ ಬಿಸಿ, ಹಂಗ್ ತಿರುಗ್ಸಿದ್ರೂ ಬಿಸಿ!"

"ಆಮೇಲ್ ಮಾತಾಡ್ತೀನಿ," ಅಂದಳು ಚಿಕ್ಕಗಂಗಮ್ಮ. "ಆಫೀಸಲ್ಲಿದೀನಿ."

"ಯಾವ ಆಫೀಸು?"

"ಪಂಚಾಯ್ತಿ ಆಫೀಸು. ಓದ್ತಾ ಇದೀವಿ."

"ಏನ್ ಓದ್ತಾ ಇದೀರಿ? ಯಾರ್ಯಾರು?"

ಫೋನು ಕಟ್ಟಾಯಿತು.

ಚಿಕ್ಕರಂಗಯ್ಯ ಫೋನನ್ನು ತಿರುಗಿಸಿ ತಿರುಗಿಸಿ ನೋಡಿದ. ಮೂವತ್ತು ವರ್ಷದ ಸಂಸಾರದಲ್ಲಿ ಆಯಮ್ಮ 'ಆಮೇಲ್ ಮಾತಾಡ್ತೀನಿ' ಅಂದದ್ದು ಇದೇ ಮೊದಲು. ಯಲ್ಲಯ್ಯನಿಗೆ ಹೇಳಿದ. ಯಲ್ಲಯ್ಯ ನಗುತ್ತ ಅದೇ ಫೋನಿನಿಂದ ತನ್ನ ಮನೆಗೆ ಹಚ್ಚಿದ. ಮಗಳು ಎತ್ತಿಕೊಂಡು, "ಅಮ್ಮ ಆಫೀಸಿಗೆ ಹೋಗೈತೆ. ಎರಡು ದಿನದಿಂದ ಹೋಗ್ತಾ ಐತೆ. ಅನ್ನ ನಾನೇ ಮಾಡ್ತಿರೋದು," ಅಂತು. ಯಲ್ಲಯ್ಯನ ನಗು ಅರ್ಧಕ್ಕೆ ನಿಂತಿತು.

ಸುದ್ದಿ ಭಾನುಪ್ರಕಾಶನಿಗೆ ಮುಟ್ಟಿತು. ಅವನು ಡಬ್ಬದ ಬೀಗ ತೆಗೆದು ಸುಧಾಗೆ ಫೋನು ಮಾಡಿದ. ಸುಧಾ ಎತ್ತಲಿಲ್ಲ. ಏಳನೇ ಸಲಕ್ಕೆ, "ರೀ, ಕಟ್ಟೆ ವಿಷಯ ಓದ್ತಾ ಇದೀವಿ, ಸುಮ್ನೆ ಡಿಸ್ಟರ್ಬ್ ಮಾಡ್ಬೇಡಿ," ಅಂದು ಇಟ್ಟಳು.

ಕಟ್ಟೆ ಅನ್ನುವ ಮಾತು ಕೇಳಿದ್ದೇ ಭಾನುಪ್ರಕಾಶನ ಮುಖ ಬಿಳುಚಿತು. ಗೇಟಿನ ಹತ್ತಿರ ಓಡಿದ.

"ಗೇಟ್ ತೆಗಿಯೋ!"

"ಆರ್ಡರಿಲ್ಲ," ಅಂದ ಅಂಜನಮೂರ್ತಿ.

"ಆರ್ಡರ್ ಕೊಟ್ಟೋನು ನಾನೇ ಕಣಯ್ಯ! ಭಾನುಪ್ರಕಾಶ್!"

"ಹೆಸರು ಹೇಳ್ತಾರೆ ಅಂತ ಮೊದ್ಲೇ ಹೇಳವ್ರೆ."

"ನನ್ ದನಿ ಗೊತ್ತಾಗಲ್ವೇನೋ?"

"ದನೀಲೂ ಮಾತಾಡ್ತಾರೆ ಅಂದವ್ರೆ."

ಭಾನುಪ್ರಕಾಶ್ ಕೊನೆಗೆ ಕಾಲು ಹಿಡಿದುಕೊಂಡ. ಅಂಜನಮೂರ್ತಿ ಮೆಲ್ಲನೆ ಕಾಲು ಬಿಡಿಸಿಕೊಂಡು, "ಇದನ್ನೂ ಹೇಳಿದ್ರು. ಬಲೇ ಬುದ್ಧಿವಂತರು ನಮ್ ಸಾಹುಕಾರ್ರು," ಅಂದ.

ಇತ್ತ ಊರಿನಲ್ಲಿ ಆದದ್ದು ಇದು. ಪಂಚಾಯ್ತಿಗೆ ಹೊಸದಾಗಿ ಬಂದಿದ್ದ ಪಿಡಿಓ ಸುಶ್ಮಿತಾ, ಅಂದರೆ ಅಲ್ಲಿನ ಸರ್ಕಾರಿ ಅಧಿಕಾರಿ, ಹಳೇ ನಡಾವಳಿ ನೋಡಿ ಸರಿ ಇದೆ ಅಂತ ಒಪ್ಪಿಗೆ ಕೊಡಲು ಬನ್ನಿ ಅಂತ ಎಲ್ಲ ಮೆಂಬರುಗಳಿಗೆ ನೋಟಿಸು ಕಳಿಸಿದ್ದಳು. ಪ್ರತಿ ಸಲ ನೋಟಿಸು ಬಂದರೆ ಗಂಡಂದಿರು ಎದ್ದು ಹೋಗುತ್ತಿದ್ದರು. ಈ ಸಲ ಊರಲ್ಲಿ ಗಂಡಂದಿರೇ ಇಲ್ಲ. ಎಂಟು ಮನೆಯಲ್ಲಿ ಎಂಟು ನೋಟಿಸು. ಸರ್ಕಾರದ ಕಾಗದ ಬಂದಾಗ ಹೋಗದಿದ್ದರೆ ಏನಾಗುತ್ತದೋ ಅಂತ ಎಂಟು ಜನ ಹೆಂಗಸರೂ ಸೀರೆ ಬದಲಾಯಿಸಿಕೊಂಡು ಹೋದರು. ಹೊಸ ಪಿಡಿಓಗೆ ಇವರೆಲ್ಲ ಮೆಂಬರುಗಳೋ, ಮನೆ ಕಂದಾಯ ಕಟ್ಟಲು ಬಂದವರೋ ಗೊತ್ತಾಗಲಿಲ್ಲ. ಗೋಡೆಯ ಬೋರ್ಡು ನೋಡಿ ಒಂದೊಂದೇ ಹೆಸರು ಕರೆದಳು. ಎಂಟು ಜನ ಎಂಟು ಕುರ್ಚಿಯಲ್ಲಿ ಕೂತರು. ಅದುವರೆಗೆ ಆ ಕುರ್ಚಿಗಳ ಮೇಲೆ ಸೀರೆ ಬಿದ್ದಿರಲಿಲ್ಲ.

ಪುಸ್ತಕ ತೆಗೆದು ಎಸ್ಸೆಲ್ಸಿ ಓದಿದವಳು ಅಂತ ಚಿಕ್ಕಗಂಗಮ್ಮನ ಕೈಗೇ ಕೊಟ್ಟರು. ಆಯಮ್ಮ ಸ್ಕೂಲಿನಲ್ಲಿ ಪಾಠ ಓದುವ ರಾಗದಲ್ಲಿ ಶುರು ಮಾಡಿದಳು. ಹೋದ ಆಷಾಢದ ಮೀಟಿಂಗಿನ ಪುಟ ಬಂತು. "ಸದರಿ ಹುಣಸೆಕಟ್ಟೆಯಲ್ಲಿ ಬಹಳ ವರ್ಷಗಳಿಂದ ನೀರು ನಿಲ್ಲದೆ ಇರುವುದರಿಂದ, ಕಟ್ಟೆ ಅಂಗಳದ ಆರು ಎಕರೆಯನ್ನು ನಿವೇಶನ ಮಾಡಲು ಸಭೆಯು ಸರ್ವಾನುಮತದಿಂದ..."

ಕಿಟಕಿಯಿಂದ ನೋಡಿದರೆ ಕಟ್ಟೆ ಕಾಣುತ್ತದೆ. ಅದರಲ್ಲಿ ಯಾರದೋ ಎಮ್ಮೆ ಕತ್ತಿನ ತನಕ ಮುಳುಗಿ ನಿಂತಿತ್ತು.

ಆ ಕಟ್ಟೆ ತುಂಬಿದರೆ ಸುತ್ತಿನ ಬೋರ್‌ವೆಲ್ಲಿನಲ್ಲಿ ನೀರು. ಇಲ್ಲದಿದ್ದರೆ ಐನೂರು ಮನೆಗೆ ಕುಡಿಯಲು ಇಲ್ಲ. ಅದನ್ನು ಸೈಟು ಮಾಡಿ ಮಾರುವವನು ಭಾನುಪ್ರಕಾಶ್. ಲೇಔಟಿಗೆ ಲೇಕ್ ವ್ಯೂ ಅಂತ ಹೆಸರು. ಲೇಕಿನ ಹೊಟ್ಟೆಯ ಮೇಲೆ ಮನೆ ಕಟ್ಟಿಸಿ ವ್ಯೂ ಯಾವ ಕಿಟಕಿಯಿಂದ ತೋರಿಸುತ್ತಿದ್ದನೋ ಅವನೇ ಹೇಳಬೇಕು. ಅರ್ಧ ಎಕರೆ ಗಂಗಣ್ಣನ ಹೆಸರಿಗೂ ಇತ್ತು. ಆ ವಿಷಯದಲ್ಲಿ ಇಬ್ಬರೂ ನಿಜವಾಗಿಯೂ ಪಕ್ಷಾತೀತರು. ಪುಟದ ಕೆಳಗೆ ಎಂಟು ಹೆಂಗಸರ ಸೈನು. ಆರನೆಯದು ದುಂಡಗೆ, ಮುದ್ದಾಗಿ, ಮೂಲೆಯಲ್ಲಿ ಒಂದು ಬೋಂಡದ ಎಣ್ಣೆ ಚುಕ್ಕೆಯ ಸಮೇತ. ಚಿಕ್ಕಗಂಗಮ್ಮ ಅದರ ಮೇಲೆ ಬೆರಳಾಡಿಸಿ, "ಅಯ್ಯೋ ನಿನ್ ಮನೆ ಕಾಯ್ವಾಗ," ಅಂದಳು. ಮುಂದೆ ಓದಲು ಆಗಲಿಲ್ಲ, ಅಷ್ಟು ಸಿಟ್ಟು ಬಂದಿತ್ತು.

ಗುರುವಾರ ಒಂಬತ್ತಕ್ಕೆ ಸರಿಯಾಗಿ ಅಂಜನಮೂರ್ತಿ ಸೆಲ್ಯೂಟ್ ಹೊಡೆದು ಗೇಟು ತೆಗೆದ. ವ್ಯಾನು ತುಮಕೂರು, ಹೆಬ್ಬೂರು ಅಂತ ಎಲ್ಲೂ ನಿಲ್ಲದೆ ಓಡಿತು. ಪಂಚಾಯ್ತಿ ಆಫೀಸಿನ ಮುಂದೆ ಇಳಿದಾಗ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಎದುರಿನಿಂದ ಗಂಗಣ್ಣನ ವ್ಯಾನೂ ಬಂತು. ಹದಿನೈದು ಜನ ಇಳಿದರು. ಬಾಗಿಲಲ್ಲಿ ಪೊಲೀಸಿನವನು ನಿಂತಿದ್ದ.

"ಮೆಂಬರುಗಳು ಮಾತ್ರ ಒಳಗೆ."

"ನಾನೇ ಮೆಂಬರ್ರು," ಅಂದ ಚಿಕ್ಕರಂಗಯ್ಯ, ಹೆಗಲ ಮೇಲಿನ ಮೂರು ಶಾಲು ಸರಿಮಾಡಿಕೊಂಡು. ಕೆಳಗೆ ಇನ್ನೂ ಹೂವಿನ ಬರ್ಮುಡ ಇತ್ತು. ಅವಸರದಲ್ಲಿ ಪಂಚೆ ರೆಸಾರ್ಟಿನಲ್ಲೇ ಉಳಿದಿತ್ತು.

ಪೊಲೀಸಿನವನು ಮೇಲಿಂದ ಕೆಳಗೆ ಒಂದು ಸಲ ನೋಡಿದ. "ಹೆಸರು?"

"ಚಿಕ್ಕಗಂಗಮ್ಮ."

"ಆಯಮ್ಮ ಒಳಗವ್ರೆ. ನೀವು ಹಿಂದಕ್ ಹೋಗಿ."

ನಿಜವಾದ ಮೆಂಬರುಗಳು ಏಳು ಜನ ಒಳಗೆ ಹೋದರು. ಎಂಟು ಜನ ಗಂಡಂದಿರು ಎರಡು ಕಿಟಕಿಗೆ ಮುಖ ಅಂಟಿಸಿ ನಿಂತರು. ಗಂಗಣ್ಣ, ಭಾನುಪ್ರಕಾಶ್ ಇಬ್ಬರಿಗೂ ಒಂದೇ ಕಂಬಿ ಸಿಕ್ಕಿತು.

"ನಾಮಪತ್ರದ ಟೈಮು ಹನ್ನೊಂದಕ್ಕೆ ಮುಗೀತು," ಅಂದರು ಕುಣಿಗಲ್ಲಿನಿಂದ ಬಂದಿದ್ದ ಚುನಾವಣಾಧಿಕಾರಿ. "ಬಂದಿರೋದು ಒಂದೇ. ಶ್ರೀಮತಿ ಚಿಕ್ಕಗಂಗಮ್ಮ. ಸೂಚಿಸಿದವರು ಶ್ರೀಮತಿ ಸುಧಾ."

"ಸುಧಾ!" ಅಂತ ಕಿಟಕಿ ಕೂಗಿತು. "ನೀನ್ ನಿಲ್ಬೇಕಾದೋಳು ಕಣೇ! ಅರ್ಜಿ ಫಿಲಪ್ ಮಾಡಿ, ನಿನ್ ಸೈನೂ ನಾನೇ ಹಾಕಿ, ಬೀರುವಿನಲ್ಲಿಟ್ಟಿದ್ನಲ್ಲೇ!"

ಚುನಾವಣಾಧಿಕಾರಿ ಪೆನ್ನು ಕೆಳಗಿಟ್ಟು ಕಿಟಕಿ ಕಡೆ ತಿರುಗಿದರು. "ಏನಂದ್ರಿ? ಸೈನೂ ನೀವೇ ಹಾಕಿದ್ರಾ?"

ಕಿಟಕಿಯಿಂದ ಭಾನುಪ್ರಕಾಶನ ಮುಖ ಕೆಳಗೆ ಜಾರಿತು. ಸುಧಾ ಮಾತ್ರ ಸೆರಗು ಸರಿ ಮಾಡಿಕೊಂಡು, "ಮೆಂಬರ್ ಆದಾಗ್ಲೂ ನನ್ನ ಕೇಳ್ಲಿಲ್ಲ, ಅಧ್ಯಕ್ಷೆ ಆಗಕ್ಕೂ ಕೇಳ್ಲಿಲ್ಲ. ಮನೇಲಿ ಸಾರಿಗೆ ಉಪ್ಪು ಹಾಕಕ್ಕೆ ಮಾತ್ರ ಕೇಳ್ತಾರೆ ಸಾರ್," ಅಂದಳು.

ಚಿಕ್ಕಗಂಗಮ್ಮ ಅವಿರೋಧವಾಗಿ ಅಧ್ಯಕ್ಷೆಯಾದಳು. ಯಾರೋ ಹಾರ ತಂದರು. ಕಿಟಕಿಯಲ್ಲಿದ್ದ ಚಿಕ್ಕರಂಗಯ್ಯನ ಕೈ ಅಭ್ಯಾಸದಿಂದ ಕಂಬಿಯ ಒಳಗೆ ಚಾಚಿತು. ಪೊಲೀಸಿನವನು ಮೆತ್ತಗೆ ಅದನ್ನು ಹೊರಗೆ ತಳ್ಳಿದ.

ಆಯಮ್ಮ ಹಾರ ಹಾಕಿಕೊಂಡು ಕೂತು, ನಡಾವಳಿ ಪುಸ್ತಕ ಬಿಚ್ಚಿದಳು. "ಸಾರ್, ಈ ಕಟ್ಟೆ ಪುಟದಲ್ಲಿರೋ ಎಂಟು ಸೈನೂ ನಮ್ಮದಲ್ಲ. ಇದನ್ನ ತಾವೇ ನೋಡಿ ಮೇಲಿನೋರಿಗೆ ವರದಿ ಬರೀಬೇಕು."

ಈಗ ಭಾನುಪ್ರಕಾಶ್ ಚೇತರಿಸಿಕೊಂಡ. "ಸಾರ್, ಸುಳ್ಳು! ಈಯಮ್ಮನೇ ಹಾಕಿರೋದು. ಸೈನು ದಿನಕ್ಕೊಂದು ಥರ ಇರ್ತದೆ. ಕಟ್ಟೆ ಮಾರಿದ್ದು ಹೆಂಗಸ್ರೇ ಅಂತ ನಾಳೆ ಪೇಪರಲ್ಲಿ ಬರ್ತದೆ, ನೋಡ್ಕೊಳ್ಳಿ. ಮೆಂಬರ್‌ಗಿರಿ ಹೋಗ್ತದೆ, ಕೇಸೂ ಬೀಳ್ತದೆ."

ಮಾತು ಬೆಂಕಿಯಂಥದ್ದು. ಸೈನು ಹೆಂಗಸರದೇ ಅಂತಾದರೆ ಕಟ್ಟೆ ಹೋಯಿತು, ಕೇಸೂ ಎಂಟು ಹೆಂಗಸರ ತಲೆಗೆ. ಅಲ್ಲ ಅಂತಾದರೆ ಎಂಟು ಗಂಡಂದಿರ ಕೈಗೆ ಬೇಡಿ. ಚುನಾವಣಾಧಿಕಾರಿ ಪುಸ್ತಕ ನೋಡಿದರು, ಚಿಕ್ಕಗಂಗಮ್ಮ ಈಗ ತಾನೇ ಹಾಕಿದ ಸೈನು ನೋಡಿದರು. ಎರಡೂ ಒಂದೇ ಥರ ಇದ್ದವು. ಪುಸ್ತಕದ್ದೇ ಒಂದು ಕೈ ಹೆಚ್ಚು ಚೆನ್ನಾಗಿತ್ತು.

"ಇದ್ರಲ್ಲಿ ವ್ಯತ್ಯಾಸವೇ ಇಲ್ವಲ್ಲಮ್ಮ," ಅಂದರು.

ಚಿಕ್ಕಗಂಗಮ್ಮ ಕಿಟಕಿಯತ್ತ ನೋಡಿದಳು. "ಅಲ್ ನಿಂತಿರೋರ್ನ ಕೇಳಿ ಸಾರ್. ಹೂವಿನ ಚಡ್ಡಿ ಹಾಕವ್ರಲ್ಲ, ಅವ್ರು ನಮ್ ಯಜಮಾನ್ರು."

ಚಿಕ್ಕರಂಗಯ್ಯನನ್ನು ಒಳಗೆ ಕರೆದರು. ಎರಡೂವರೆ ವರ್ಷ ಕೈ ಬೀಸಿಕೊಂಡು ಒಳಗೆ ಹೋಗುತ್ತಿದ್ದ ಬಾಗಿಲಲ್ಲಿ ಆ ದಿನ ಅವನು ಚಪ್ಪಲಿ ಬಿಟ್ಟು ಹೋದ. ಹಿಂದಿನಿಂದ ಭಾನುಪ್ರಕಾಶ್, "ನೋಡ್ಕೊಂಡ್ ಹೇಳಿ ಮೆಂಬರ್ರೆ! ಜೈಲಿನ ವಿಷಯ!" ಅಂತ ಪಿಸುಗುಟ್ಟಿದ್ದು ರಸ್ತೆಗೂ ಕೇಳಿಸಿತು. ಯಲ್ಲಯ್ಯ ಕಿಟಕಿಯಿಂದ ಎರಡು ಕೈ ಜೋಡಿಸಿ ಬೇಡ ಬೇಡ ಅಂತ ತಲೆ ಆಡಿಸುತ್ತಿದ್ದ.

"ಈ ಸೈನು ನೀವು ಹಾಕಿದ್ರಾ?" ಅಂದರು ಚುನಾವಣಾಧಿಕಾರಿ.

ಚಿಕ್ಕರಂಗಯ್ಯ ಹೆಂಡತಿಯನ್ನು ನೋಡಿದ. ಆಯಮ್ಮ ಇವನನ್ನು ನೋಡಲಿಲ್ಲ, ಕಿಟಕಿಯಾಚೆ ಕಟ್ಟೆ ನೋಡುತ್ತಿದ್ದಳು. ಇವನು ಹೆಗಲ ಮೇಲಿನ ಶಾಲು ಎಳೆದುಕೊಂಡು ಬರ್ಮುಡ ಮುಚ್ಚಿಕೊಂಡ.

"ಇಲ್ಲ ಸಾರ್. ನಾನ್ ಯಾಕ್ ಹಾಕ್ಲಿ?"

ಹೆಂಗಸರ ಕಡೆಯಿಂದ "ಥೂ!" ಅಂತ ಒಂದು ಸದ್ದು ಬಂತು. ಚಿಕ್ಕಗಂಗಮ್ಮನ ಮುಖ ಸಣ್ಣದಾಯಿತು.

ಸುಶ್ಮಿತಾ ಒಂದು ಬಿಳೀ ಹಾಳೆ, ಪೆನ್ನು ಮುಂದಿಟ್ಟಳು. "ಹಾಕಿಲ್ಲ ಅಂತ ಬರೆದುಕೊಡಿ ಸಾರ್, ವರದಿ ಜೊತೆ ಇಡೋಕೆ. ಕೆಳಗೆ ಸೈನು ಮಾಡಿ."

"ಬರಿತೀನಿ. ಅದಕ್ಕೇನು?" ಅಂದ ಚಿಕ್ಕರಂಗಯ್ಯ. ಬಗ್ಗಿ ಕೂತು, ನಾಲಿಗೆ ತುದಿ ಹೊರಗೆ ಚಾಚಿ, ಒಂದೊಂದೇ ಅಕ್ಷರ ಒತ್ತಿ ಒತ್ತಿ ಬರೆದ: 'ಪಂಚಾಯ್ತಿ ಪುಸ್ತಕದಲ್ಲಿ ನನ್ನ ಹೆಂಡತಿ ಸೈನು ನಾನು ಹಾಕಿರುವುದಿಲ್ಲ.' ಕೆಳಗೆ ಸರಸರ ಸೈನು ಹಾಕಿ ಹಾಳೆ ತಳ್ಳಿದ.

ಚುನಾವಣಾಧಿಕಾರಿ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಹಾಳೆಯನ್ನು ಪಿಡಿಓಗೆ ಕೊಟ್ಟರು. ಸುಶ್ಮಿತಾ ಬಾಯಿಗೆ ಕರ್ಚೀಫು ಒತ್ತಿಕೊಂಡು ಸುಧಾಗೆ ಕೊಟ್ಟಳು. ಸುಧಾ ಜೋರಾಗಿ ಓದಿದಳು: "ನಾನು ಹಾಕಿರುವುದಿಲ್ಲ. ಇಂತಿ, ಚಿಕ್ಕಗಂಗಮ್ಮ."

ಪುಸ್ತಕದ ಪಕ್ಕ ಇಟ್ಟು ನೋಡಿದರು. ಅಚ್ಚು ಹಾಕಿದಂತಿತ್ತು. ಒಳಗಿದ್ದ ಹೆಂಗಸರು ಬಿದ್ದು ಬಿದ್ದು ನಕ್ಕರು. ಗಂಡಸು ಮೆಂಬರುಗಳು ನಗಬೇಕೋ ಬೇಡವೋ ಗೊತ್ತಾಗದೆ ಶಾಲು ಬಾಯಿಗೆ ತುರುಕಿಕೊಂಡರು. ಕಿಟಕಿಯಲ್ಲಿದ್ದ ಗಂಡಂದಿರಲ್ಲಿ ಆರು ಜನ ಆಗಲೇ ಕಾಣಲಿಲ್ಲ. ಭಾನುಪ್ರಕಾಶ್ ಗಂಗಣ್ಣನ ವ್ಯಾನಿನಲ್ಲೇ ಹೋದ ಅಂತ ಆಮೇಲೆ ತಿಳಿಯಿತು.

ಎಂಟೂ ಸೈನು ಸಂಶಯದ್ದು ಅಂತ ವರದಿಯಾಯಿತು. ಕಟ್ಟೆ ಪುಟಕ್ಕೆ ತಡೆ ಬಿತ್ತು. ಸುಶ್ಮಿತಾ ಕಾನೂನು ಓದಿ ಹೇಳಿದಳು: ಸುಳ್ಳು ಸೈನಿನ ಮೇಲೆ ಪೊಲೀಸ್ ಕಂಪ್ಲೇಂಟು ಯಾರ ಸೈನೋ ಅವರು ಕೊಡಬೇಕು. ಅಂದರೆ ಎಂಟು ಗಂಡಂದಿರ ಜುಟ್ಟು ಎಂಟು ಹೆಂಡತಿಯರ ಕೈಯಲ್ಲಿ.

ಎಲ್ಲರೂ ಹೋದ ಮೇಲೆ ಆಫೀಸಿನ ಹೊರಗಿನ ಬೆಂಚಿನ ಮೇಲೆ ಚಿಕ್ಕರಂಗಯ್ಯ ಒಬ್ಬನೇ ಕೂತಿದ್ದ. ಪಿಂಚಣಿ, ರೇಷನ್ ಕಾರ್ಡು ಅಂತ ಬರುವವರು ಕಾಯುವ ಬೆಂಚು ಅದು. ಎರಡೂವರೆ ವರ್ಷದಲ್ಲಿ ಅದು ಇಷ್ಟು ಗಟ್ಟಿ ಅಂತ ಅವನಿಗೆ ಗೊತ್ತೇ ಇರಲಿಲ್ಲ. ಚಿಕ್ಕಗಂಗಮ್ಮ ಫೈಲು ಹಿಡಿದು ಹೊರಗೆ ಬಂದಳು.

"ಒಂದ್ ಮಾತು ಹೇಳು," ಅಂದಳು. "ನನ್ ಹೆಸರು ಬರ್ದಿದ್ದು ಮರ್ತೋಗಾ, ಬೇಕಂತಾನಾ?"

ಚಿಕ್ಕರಂಗಯ್ಯ ಎದ್ದು ನಿಂತ. ಎದೆ ಮುಂದೆ ಮಾಡಿದ. "ಬೇಕಂತ್ಲೇ ಕಣೇ. ನಿನ್ ಕೈ ಬಿಡಕಾಯ್ತದಾ?"

ಆಯಮ್ಮ ಅವನ ಮುಖವನ್ನೇ ನೋಡಿದಳು. ಅವನೂ ನೋಡಿದ. ಹೇಳಿದ ಮಾತು ನಿಜವಾಗಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಅವನಿಗೇ ಅನ್ನಿಸಿತು. ಕಣ್ಣು ತುಂಬಿ ಬಂತು.

"ಕಂಪ್ಲೇಂಟ್ ಕೊಡ್ತೀಯೇನೇ?" ಅಂದ, ದನಿ ಇಳಿಸಿ.

ಚಿಕ್ಕಗಂಗಮ್ಮ ಫೈಲನ್ನು ಕಂಕುಳಿಗೆ ಸೇರಿಸಿ ಮೆಟ್ಟಿಲು ಇಳಿದಳು.

"ಅರ್ಜಿ ಬರ್ದುಕೊಡು. ಮುಂದಿನ ಮೀಟಿಂಗಲ್ಲಿ ಇಡ್ತೀನಿ."

"ಮೀಟಿಂಗ್ ಯಾವಾಗ?"

"ನೋಟಿಸ್ ಬರ್ತದೆ," ಅಂದಳು ಅಧ್ಯಕ್ಷೆ. ಎರಡು ಹೆಜ್ಜೆ ಹೋಗಿ ತಿರುಗಿ, "ಅರ್ಜಿ ಕೆಳಗೆ ನಿನ್ ಹೆಸರೇ ಬರಿ," ಅಂದಳು.